ಹಳೆಯ ಕಾರಿನ ಗುರುತು: ಚಾಸಿ ಸಂಖ್ಯೆ ಅಸ್ಪಷ್ಟವಾಗಿರುವಾಗ ನೋಂದಣಿ
(ಉಪನ್ಯಾಸದ ಪಠ್ಯ)



ಐವತ್ತು ವರ್ಷಗಳಿಗೂ ಹಳೆಯದಾದ ಕಾರೊಂದನ್ನು ನೋಂದಾಯಿಸಬೇಕಾಗಿದೆ. ಆದರೆ ಅದರ ಚಾಸಿಯ ಮೇಲಿನ ಗುರುತು ಸಂಖ್ಯೆ ತುಕ್ಕು ಹಿಡಿದೋ ಸವೆದೋ ಓದಲಾಗದಂತಿದೆ. ಇಂತಹ ಸಂದರ್ಭದಲ್ಲಿ ಮಾಲೀಕನು ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇಂದಿನ ಉಪನ್ಯಾಸದ ವಿಷಯ. ಇದು ಕೆಲವೇ ಸಿರಿವಂತರ ಹವ್ಯಾಸಕ್ಕೆ ಸಂಬಂಧಿಸಿದ ಸಂಗತಿಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಉದ್ಯೋಗ ವ್ಯಾಪಾರಗಳ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅಜ್ಜನೋ ತಂದೆಯೋ ಕೊಂಡ ಫಿಯೆಟ್ ಅಥವಾ ಮಾರಿಸ್ ಗಾಡಿಯನ್ನು ಮಾರಲು ಮನಸ್ಸಾಗದೆ ಉಳಿಸಿಕೊಂಡವರು ಇದ್ದಾರೆ. 1970ರ ದಶಕದ ಆರಂಭದಲ್ಲಿ ನೋಂದಣಿಯಾದ ಸಾಮಾನ್ಯ ಅಂಬಾಸಡರ್ ಕಾರು ಸಹ ಈಗ ಐವತ್ತು ವರ್ಷಗಳನ್ನು ದಾಟಿದೆ. ಹೀಗಾಗಿ ಈ ಪ್ರಶ್ನೆ ಮಧ್ಯಮ ವರ್ಗದ ಮನೆಗಳ ಬಾಗಿಲಿಗೂ ಬಂದಿದೆ.

ಇಂತಹ ಗಾಡಿಯ ಗುರುತು ಸಿದ್ಧವಾಗದಿದ್ದರೆ ಅದು ರಸ್ತೆಗಿಳಿಯುವಂತಿಲ್ಲ, ನ್ಯಾಯಬದ್ಧವಾಗಿ ಕೈ ಬದಲಾಗುವಂತಿಲ್ಲ. ಕಡೆಗೆ ಅದು ತೂಕದ ಲೆಕ್ಕದಲ್ಲಿ ಗುಜರಿಯವನ ಪಾಲಾಗುತ್ತದೆ. ಇನ್ನೊಂದು ಕಡೆ, ಗುರುತಿನ ಪರಿಶೀಲನೆ ಸಡಿಲವಾದರೆ ಕದ್ದ ಗಾಡಿಗಳಿಗೂ ಹಳೆಯ ಹೆಸರಿನಲ್ಲಿ ಹೊಸ ಜನ್ಮ ದೊರೆತೀತು. ಪ್ರಾಮಾಣಿಕ ಮಾಲೀಕನ ಹಕ್ಕು ಮತ್ತು ಸಮಾಜದ ಭದ್ರತೆ, ಇವೆರಡನ್ನೂ ಕಾಪಾಡುವ ದಾರಿಯನ್ನು ನಾವು ತಿಳಿದಿರಬೇಕು.

ಸಂಖ್ಯೆಗೆ ಏಕೆ ಇಷ್ಟು ಮಹತ್ವ?

ಒಂದೇ ಕಾರ್ಖಾನೆಯಿಂದ ಹೊರಬಂದ ಸಾವಿರಾರು ಗಾಡಿಗಳು ನೋಡಲು ಒಂದೇ ತೆರನಾಗಿರುತ್ತವೆ. ಬಣ್ಣವನ್ನು ಬದಲಿಸಬಹುದು, ಬಾಗಿಲು, ದೀಪ, ಗಾಲಿಗಳನ್ನು ಬದಲಿಸಬಹುದು. ನೋಂದಣಿ ಫಲಕವನ್ನಂತೂ ಒಂದು ತಿರುಪುಳಿಯಿಂದ ಬಿಚ್ಚಬಹುದು. ಗಾಡಿಯ ಬೆನ್ನೆಲುಬಾದ ಚಾಸಿಯ ಲೋಹಕ್ಕೆ ಒತ್ತಿದ ಸಂಖ್ಯೆಯೊಂದೇ ಹುಟ್ಟಿನಿಂದ ಕೊನೆಯವರೆಗೆ ಜೊತೆಗಿರುವ ಗುರುತು. ಆದುದರಿಂದಲೇ ನೋಂದಣಿಗೆ ಸಲ್ಲಿಸುವ ನಮೂನೆ 20ರಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಬರೆಯಬೇಕಾಗುತ್ತದೆ. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನೂ ಒದಗಿಸಬೇಕಾಗುತ್ತದೆ.

1988ರ ಮೋಟಾರು ವಾಹನ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗಾಡಿ ಕಳವಿನದೆಂದು ನಂಬಲು ಕಾರಣವಿದ್ದರೆ, ಅಥವಾ ಅರ್ಜಿದಾರನು ಹಿಂದಿನ ನೋಂದಣಿಯ ವಿವರಗಳನ್ನು ಕೊಡದಿದ್ದರೆ, ಇಲ್ಲವೆ ತಪ್ಪು ವಿವರಗಳನ್ನು ಕೊಟ್ಟರೆ, ನೋಂದಣಿಯನ್ನು ನಿರಾಕರಿಸಲು 45ನೆಯ ಪ್ರಕರಣ ಅಧಿಕಾರ ನೀಡುತ್ತದೆ. ನೋಂದಣಿ ಆದ ಮೇಲೂ, ಗಾಡಿಯ ಮೇಲಿರುವ ಎಂಜಿನ್ ಅಥವಾ ಚಾಸಿ ಸಂಖ್ಯೆಯು ನೋಂದಣಿ ಪತ್ರದಲ್ಲಿರುವುದಕ್ಕಿಂತ ಬೇರೆಯೆಂದು ಕಂಡುಬಂದರೆ, ಮಾಲೀಕನ ಅಹವಾಲನ್ನು ಕೇಳಿದ ನಂತರ ನೋಂದಣಿಯನ್ನು ರದ್ದುಪಡಿಸಲು 55ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದಕಾರಣ ಹೇಗೋ ಒಮ್ಮೆ ನೋಂದಣಿ ಮಾಡಿಸಿಕೊಂಡರೆ ಸಾಕು ಎಂಬ ಭಾವನೆ ಸರಿಯಲ್ಲ. ತಳಹದಿ ದುರ್ಬಲವಾದ ನೋಂದಣಿ ಮುಂದೊಂದು ದಿನ ಕುಸಿಯಬಹುದು.

ಹಳೆಯ ಗಾಡಿಗಳ ವಿಶೇಷ ತೊಡಕು

ಇಂದಿನ ಕಾರುಗಳಿಗೆ ಹದಿನೇಳು ಅಂಕಾಕ್ಷರಗಳ ಏಕರೂಪದ ಗುರುತು ಸಂಖ್ಯೆ ಇರುತ್ತದೆ. ಅದರಲ್ಲಿ ತಯಾರಕರು ಯಾರು, ಮಾದರಿ ಯಾವುದು, ಕ್ರಮಸಂಖ್ಯೆ ಎಷ್ಟು ಎಂಬುದೆಲ್ಲ ಅಡಕವಾಗಿರುತ್ತದೆ. ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಆದರೆ ಈ ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾದದ್ದೇ 1981ರ ಮಾದರಿಗಳಿಂದ. ಅದಕ್ಕೆ ಹಿಂದೆ ಪ್ರತಿಯೊಂದು ಕಾರ್ಖಾನೆಯೂ ತನಗೆ ತೋಚಿದ ಕ್ರಮವನ್ನು ಅನುಸರಿಸುತ್ತಿತ್ತು. ಕೆಲವರು ನಾಲ್ಕಾರು ಅಂಕಿಗಳನ್ನಷ್ಟೇ ಒತ್ತುತ್ತಿದ್ದರು. ಕೆಲವರು ಹಿತ್ತಾಳೆಯ ಅಥವಾ ಅಲ್ಯೂಮಿನಿಯಮ್ಮಿನ ತಗಡಿನ ಮೇಲೆ ಸಂಖ್ಯೆಯನ್ನು ಒತ್ತಿ, ಅದನ್ನು ರಿವೆಟ್ಟಿನಿಂದ ಕೂಡಿಸುತ್ತಿದ್ದರು. ಅಂತಹ ತಗಡು ದುರಸ್ತಿಯ ವೇಳೆ ಕಳಚಿ ಕಳೆದುಹೋಗುವುದು ಅಪರೂಪವಲ್ಲ.

ಎಂಜಿನ್ ಸಂಖ್ಯೆಯೇ ಗಾಡಿಯ ಗುರುತಾಗಿದ್ದ ಕಾಲವೂ ಇತ್ತು. ಇದಕ್ಕೆ ಉತ್ತಮ ನಿದರ್ಶನ ಫೋರ್ಡ್ ಕಂಪನಿಯ ಮಾಡೆಲ್ ಎ ಕಾರು. 1928ರಿಂದ 1931ರವರೆಗಿನ ಈ ಮಾದರಿಯಲ್ಲಿ ಎಂಜಿನ್ನಿನ ಎಡಬದಿಯಲ್ಲಿ, ನೀರು ಒಳಹೋಗುವ ಕೊಳವೆಯ ಮೇಲ್ಭಾಗದಲ್ಲಿ ಸಂಖ್ಯೆಯನ್ನು ಒತ್ತಲಾಗುತ್ತಿತ್ತು. ಅದೇ ಸಂಖ್ಯೆಯನ್ನು ಚಾಸಿಯ ಎಡ ತೊಲೆಯ ಮೇಲ್ಮೈಯಲ್ಲಿಯೂ ಒತ್ತುತ್ತಿದ್ದರು. ಆದರೆ ಅದರ ಮೇಲೆ ಗಾಡಿಯ ಒಡಲು ಕುಳಿತಿರುವುದರಿಂದ, ಒಡಲನ್ನು ಎತ್ತದೆ ಅದು ಕಣ್ಣಿಗೆ ಬೀಳದು. ಕೆನಡಾದಲ್ಲಿ ತಯಾರಾದ ಫೋರ್ಡ್ ಗಾಡಿಗಳ ಸಂಖ್ಯಾಮಾಲೆ ಅಮೆರಿಕದ ಮಾಲೆಗಿಂತ ಭಿನ್ನವಾದುದು. ಅಮೆರಿಕದ ಪಟ್ಟಿಯನ್ನಷ್ಟೇ ನೋಡಿ ಸಂಖ್ಯೆ ಹೊಂದುತ್ತಿಲ್ಲವೆಂದು ತೀರ್ಮಾನಿಸಿದರೆ ಸರಿಯಾದ ಗಾಡಿಯೂ ಸಂಶಯಕ್ಕೆ ಗುರಿಯಾಗುತ್ತದೆ.

ರೋಲ್ಸ್ ರಾಯ್ಸ್‌ನಂತಹ ಗಾಡಿಗಳಲ್ಲಿ ತೊಡಕು ಮತ್ತೊಂದು ಬಗೆಯದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ಕಂಪನಿ ಚಾಸಿ ಮತ್ತು ಎಂಜಿನ್‌ಗಳನ್ನು ಮಾತ್ರ ತಯಾರಿಸುತ್ತಿತ್ತು. ಒಡಲನ್ನು ಬೇರೊಂದು ಸಂಸ್ಥೆ ಕಟ್ಟಿಕೊಡುತ್ತಿತ್ತು. ಹೀಗೆ ಒಂದೇ ಗಾಡಿಯಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಒಡಲಿನ ಸಂಖ್ಯೆ ಎಂದು ಮೂರು ಸಂಖ್ಯೆಗಳು ದೊರೆಯಬಹುದು. ಹಿಂದಿನ ಗುಮಾಸ್ತರು ಇವುಗಳಲ್ಲಿ ಯಾವುದನ್ನು ನೋಂದಣಿ ಪುಸ್ತಕದಲ್ಲಿ ಬರೆದಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

2021ರ ನಿಯಮಗಳು

ಪುರಾತನ ವಾಹನಗಳ ನೋಂದಣಿಗೆ ದೇಶಾದ್ಯಂತ ಅನ್ವಯಿಸುವ ಕ್ರಮವನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈ ತಿಂಗಳಲ್ಲಿ ಪ್ರಕಟಿಸಿತು. ಅದರಂತೆ, ಮೊದಲ ಮಾರಾಟದ ನಂತರದ ಪ್ರಥಮ ನೋಂದಣಿಯಿಂದ ಐವತ್ತು ವರ್ಷಗಳನ್ನು ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಗಾಡಿಗಳು ವಿಂಟೇಜ್ ವಾಹನಗಳೆನಿಸುತ್ತವೆ. ಗಾಡಿಯು ಮೂಲಸ್ವರೂಪದಲ್ಲಿಯೇ ಉಳಿದಿರಬೇಕು. ಚಾಸಿ, ಒಡಲು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ನಮೂನೆ 20ರಲ್ಲಿ ಸಲ್ಲಿಸುವ ಅರ್ಜಿಯೊಡನೆ ವಿಮಾ ಪತ್ರ, ಶುಲ್ಕ, ವಿದೇಶದಿಂದ ತರಿಸಿದ ಗಾಡಿಯಾದರೆ ಸುಂಕದ ಇಲಾಖೆಯ ಬಿಲ್ ಆಫ್ ಎಂಟ್ರಿ, ಈಗಾಗಲೇ ಭಾರತದಲ್ಲಿ ನೋಂದಣಿಯಾಗಿದ್ದರೆ ಹಳೆಯ ನೋಂದಣಿ ಪತ್ರ, ಇವುಗಳನ್ನು ಲಗತ್ತಿಸಬೇಕು. ನೋಂದಣಿ ಪ್ರಾಧಿಕಾರವು ಅರವತ್ತು ದಿನಗಳೊಳಗೆ ನಮೂನೆ 23ಎ ಪ್ರಕಾರ ನೋಂದಣಿ ಪತ್ರವನ್ನು ನೀಡಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಆ ನಿಯಮಗಳು ಗೊತ್ತುಪಡಿಸಿದವು. ನೋಂದಣಿಯ ಅವಧಿ ಹತ್ತು ವರ್ಷ. ಹಿಂದೆಯೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ.

ಇಂತಹ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ದೆಹಲಿ ಮತ್ತು ರಾಷ್ಟ್ರ ರಾಜಧಾನಿ ವಲಯದಲ್ಲಿರುವವರು ಮತ್ತೊಂದು ಅಂಶವನ್ನು ನೆನಪಿಡಬೇಕು. ಅಲ್ಲಿ ಹಳೆಯ ವಾಹನಗಳ ಓಡಾಟದ ಬಗ್ಗೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆದೇಶಗಳನ್ನು ನೀಡಿದವು. ಅನಂತರವೂ ಆದೇಶಗಳು ಬಂದಿವೆ. ಅರ್ಜಿ ಸಲ್ಲಿಸುವ ಮುನ್ನ ಆ ದಿನದ ಸ್ಥಿತಿಯನ್ನು ಸ್ಥಳೀಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಮಾಡಬಾರದ ಕೆಲಸ

ಸಂಖ್ಯೆ ಮಸುಕಾಗಿದೆಯೆಂದು ಕಂಡೊಡನೆ ಕೆಲವು ಗ್ಯಾರೇಜುಗಳಲ್ಲಿ ಒಂದು ಸುಲಭೋಪಾಯವನ್ನು ಸೂಚಿಸುವವರಿರುತ್ತಾರೆ: ಆ ಜಾಗವನ್ನು ಉಜ್ಜಿ ನಯಗೊಳಿಸಿ, ಕಾಗದದಲ್ಲಿರುವ ಸಂಖ್ಯೆಯನ್ನೇ ಉಳಿಯಿಂದ ಹೊಸದಾಗಿ ಒತ್ತಿಬಿಡುವುದು. ಗಾಡಿ ನಿಮ್ಮದೇ ಆಗಿರಬಹುದು, ಸಂಖ್ಯೆಯೂ ಸರಿಯಾದುದೇ ಆಗಿರಬಹುದು. ಆದರೂ ಈ ಕೆಲಸವನ್ನು ಎಂದಿಗೂ ಮಾಡಬಾರದು. ಕಳ್ಳನು ಮಾಡುವುದೂ ಇದನ್ನೇ. ಲೋಹವನ್ನು ಪರೀಕ್ಷಿಸುವ ತಜ್ಞನಿಗೆ ಒತ್ತು ಹೊಸದೆಂದು ತಿಳಿಯುತ್ತದೆ. ಒತ್ತಿದವನ ಉದ್ದೇಶ ಒಳ್ಳೆಯದಿತ್ತೆಂಬುದು ಲೋಹದಿಂದ ತಿಳಿಯುವುದಿಲ್ಲ. ಮಸುಕಾದ ಸಂಖ್ಯೆಯು ವಯಸ್ಸಿನ ಲಕ್ಷಣ. ತಿದ್ದಿದ ಸಂಖ್ಯೆಯು ಅಪರಾಧದ ಲಕ್ಷಣ. ಮೊದಲನೆಯದಕ್ಕೆ ವಿವರಣೆ ಕೊಡಬಹುದು, ಎರಡನೆಯದಕ್ಕೆ ಕೊಡುವುದು ಬಹು ಕಷ್ಟ. ಸಂಖ್ಯೆಯನ್ನು ಪುನಃ ಒತ್ತುವ ಅಗತ್ಯವೇ ಬಂದರೆ ಅದು ನೋಂದಣಿ ಪ್ರಾಧಿಕಾರದ ಲಿಖಿತ ಆದೇಶದ ಮೇಲೆ, ಅದರ ಅಧಿಕಾರಿಯ ಸಮಕ್ಷಮದಲ್ಲಿಯೇ ಆಗತಕ್ಕದ್ದು.

ತುಕ್ಕು ತೆಗೆಯಲು ಯಂತ್ರದ ಉಜ್ಜುಗಲ್ಲನ್ನೋ ಮರಳಿನ ಊದುಯಂತ್ರವನ್ನೋ ಬಳಸುವುದೂ ಅಪಾಯಕರ. ಎಣ್ಣೆ ಮತ್ತು ಮೆತ್ತನೆಯ ಕುಂಚದಿಂದ ಕೊಳೆಯನ್ನು ತೆಗೆದು, ಓರೆಯಾಗಿ ಬೆಳಕು ಬೀಳುವಂತೆ ದೀಪವಿಟ್ಟು ಛಾಯಾಚಿತ್ರ ತೆಗೆಸುವುದು ಮೊದಲ ಹೆಜ್ಜೆ. ನೇರ ಬೆಳಕಿನಲ್ಲಿ ಕಾಣದ ಅಂಕಿಗಳು ಓರೆ ಬೆಳಕಿನಲ್ಲಿ ತಲೆಯೆತ್ತುವುದುಂಟು. ಅಚ್ಚೊತ್ತುವಾಗ ಉಕ್ಕು ಕೇವಲ ಮೇಲ್ಮೈಯಲ್ಲಿ ಮಾತ್ರವಲ್ಲದೆ ಕೆಳಗಿನ ಪದರಗಳಲ್ಲಿಯೂ ಅದುಮಲ್ಪಡುತ್ತದೆ. ಮೇಲಿನ ಅಂಕಿ ಸವೆದರೂ ಆ ಅದುಮಿದ ಪದರ ಉಳಿದಿದ್ದರೆ, ತಾಮ್ರದ ಕ್ಲೋರೈಡು ಬೆರೆಸಿದ ಆಮ್ಲವನ್ನು ಲೇಪಿಸಿ ಅಂಕಿಯನ್ನು ಮತ್ತೆ ಕಾಣಿಸುವಂತೆ ಮಾಡಬಹುದು. ವಿಧಿವಿಜ್ಞಾನ ಪ್ರಯೋಗಾಲಯಗಳು ಈ ವಿಧಾನವನ್ನು ಬಹುಕಾಲದಿಂದ ಬಳಸುತ್ತಿವೆ. ಇದು ಮನೆಯಲ್ಲಿ ಪ್ರಯೋಗಿಸುವಂಥದಲ್ಲ. ಅಧಿಕಾರಿಗಳ ಮೂಲಕ, ತಜ್ಞರ ಕೈಯಿಂದ, ಲಿಖಿತ ವರದಿಯೊಡನೆ ನಡೆದರೆ ಮಾತ್ರ ಅದಕ್ಕೆ ಬೆಲೆ. ಆ ಜಾಗವನ್ನು ಮೊದಲೇ ಆಳವಾಗಿ ಉಜ್ಜಿಬಿಟ್ಟಿದ್ದರೆ ತಜ್ಞರಿಗೂ ಓದಲು ಏನೂ ಉಳಿದಿರುವುದಿಲ್ಲ.

ಸಾಕ್ಷ್ಯಗಳ ಸರಪಣಿ

ಸಂಖ್ಯೆಯು ಗಾಡಿಯ ಮುಖ್ಯ ಸಾಕ್ಷಿ, ಆದರೆ ಏಕಮಾತ್ರ ಸಾಕ್ಷಿಯಲ್ಲ. ಮುಖ್ಯ ಸಾಕ್ಷಿಯ ದನಿ ಕ್ಷೀಣಿಸಿದಾಗ ಇತರ ಸಾಕ್ಷಿಗಳನ್ನು ಕಲೆಹಾಕಿ ಒಂದು ಸರಪಣಿಯನ್ನು ಕಟ್ಟಬೇಕಾಗುತ್ತದೆ. ಮೂಲ ನೋಂದಣಿ ಪುಸ್ತಕ, ತೆರಿಗೆಯ ರಸೀದಿಗಳು, ವಿಮಾ ಪತ್ರಗಳು, ಕೊಂಡ ರಸೀದಿ, ದುರಸ್ತಿಯ ಬಿಲ್ಲುಗಳು, ನೋಂದಣಿ ಫಲಕ ಕಾಣುವಂತೆ ತೆಗೆದ ಹಳೆಯ ಛಾಯಾಚಿತ್ರ, ಉಯಿಲು ಅಥವಾ ವಿಭಾಗ ಪತ್ರದಲ್ಲಿ ಗಾಡಿಯ ಉಲ್ಲೇಖ, ಇವೆಲ್ಲವೂ ಸರಪಣಿಯ ಕೊಂಡಿಗಳು. ಮೂವತ್ತು ವರ್ಷಗಳಿಗಿಂತ ಹಳೆಯ ದಸ್ತಾವೇಜು ಯುಕ್ತವಾದ ಸ್ವಾಧೀನದಿಂದ ಹಾಜರಾದರೆ ಅದನ್ನು ನೈಜವೆಂದು ನ್ಯಾಯಾಲಯವು ಭಾವಿಸಬಹುದೆಂಬ ತತ್ವ ನಮ್ಮ ಸಾಕ್ಷ್ಯ ಕಾನೂನಿನಲ್ಲಿದೆ. ಆದುದರಿಂದ ಹಳೆಯ ಪೆಟ್ಟಿಗೆಯಲ್ಲಿರುವ ಹಳದಿಗಟ್ಟಿದ ರಸೀದಿಯನ್ನೂ ಎಸೆಯಬಾರದು.

ಮೂಲ ನೋಂದಣಿಯ ದಾಖಲೆಯನ್ನು ಹುಡುಕುವಾಗ ಕನ್ನಡಿಗರು ಇತಿಹಾಸವನ್ನೂ ನೆನಪಿಗೆ ತಂದುಕೊಳ್ಳಬೇಕು. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ಸಂಸ್ಥಾನದಲ್ಲಿದ್ದವು. ಕೊಡಗು ಪ್ರತ್ಯೇಕವಾಗಿತ್ತು. ಹೀಗಾಗಿ ಮಂಗಳೂರಿನ ಮನೆತನವೊಂದರ 1950ರ ಗಾಡಿಗೆ ಮೈಸೂರಿನ ಸಂಕೇತವನ್ನು ಹುಡುಕುವುದು ವ್ಯರ್ಥ. ದಾಖಲೆಯು ಹಿಂದಿನ ಜಿಲ್ಲೆಯ ಕಚೇರಿಯಲ್ಲಿರಬಹುದು, ಇಲ್ಲವೆ ಹಿಂದಿನ ಪ್ರಾಂತದ ಕಡೆ ಉಳಿದಿರಬಹುದು. ಎರಡೂ ಕಡೆ ವಿಚಾರಿಸಬೇಕು. ಕೈಬರಹದ ರಿಜಿಸ್ಟರುಗಳಲ್ಲಿರುವ ಹಳೆಯ ನಮೂದುಗಳೆಲ್ಲವೂ ಗಣಕಯಂತ್ರದ ‘ವಾಹನ್’ ವ್ಯವಸ್ಥೆಗೆ ಸೇರಿಲ್ಲ. ಗಣಕದಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ದಾಖಲೆಯೇ ಇಲ್ಲವೆಂದು ತಿಳಿಯಬಾರದು. ರಿಜಿಸ್ಟರಿನ ದೃಢೀಕೃತ ನಕಲನ್ನು ಲಿಖಿತವಾಗಿ ಕೇಳಬೇಕು. ಅಗತ್ಯವಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ನೆರವನ್ನು ಪಡೆಯಬಹುದು.

ತಯಾರಕರ ದಾಖಲೆಗಳೂ ಸಹಾಯಕ್ಕೆ ಬರುತ್ತವೆ. ರೋಲ್ಸ್ ರಾಯ್ಸ್ ಗಾಡಿಗಳ ಚಾಸಿವಾರು ದಾಖಲೆಗಳನ್ನು ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಊರಿನ ಹಂಟ್ ಹೌಸಿನಲ್ಲಿ ಕಾಪಾಡಿಕೊಂಡು ಬರಲಾಗಿದೆ. ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿ ಆಸ್ಟಿನ್, ಮಾರಿಸ್, ಎಂಜಿ ಮೊದಲಾದ ಹೆಸರಿನ ಅನೇಕ ಗಾಡಿಗಳ ಉತ್ಪಾದನಾ ದಾಖಲೆಗಳಿದ್ದು, ಅವುಗಳ ಆಧಾರದ ಮೇಲೆ ಪ್ರಮಾಣಪತ್ರ ನೀಡುವ ವ್ಯವಸ್ಥೆಯಿದೆ. ಇಂತಹ ಪತ್ರವು ಗಾಡಿಯ ಹುಟ್ಟನ್ನು ತಿಳಿಸುತ್ತದೆಯೇ ಹೊರತು ಇಂದಿನ ಒಡೆತನವನ್ನಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಒಂದು ಕಲ್ಪಿತ ಸಂದರ್ಭ

ಈ ಮಾತುಗಳನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. 1930ರಲ್ಲಿ ಧಾರವಾಡದಲ್ಲಿ ನೋಂದಣಿಯಾದ ಫೋರ್ಡ್ ಮಾಡೆಲ್ ಎ ಗಾಡಿಯೊಂದು ಈಗ ಪುಣೆಯಲ್ಲಿರುವ ಮೊಮ್ಮಗನ ಬಳಿ ಇದೆಯೆನ್ನೋಣ. ಹಳೆಯ ಪುಸ್ತಕದಲ್ಲಿ ಒಂದೇ ಸಂಖ್ಯೆಯಿದೆ. ಎಂಜಿನ್ನಿನ ಮೇಲಿರುವ ಸಂಖ್ಯೆ ಬೇರೆ. ಚಾಸಿ ಸಂಖ್ಯೆ ಎಲ್ಲಿಯೂ ಕಾಣುತ್ತಿಲ್ಲ. ನಿರೀಕ್ಷಕರು ಸಂಶಯಪಡುವುದು ಸಹಜವೇ. ಆಗ ಮೊಮ್ಮಗನು ಕಚೇರಿಗೆ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು, ನಿರೀಕ್ಷಕರ ಸಮಕ್ಷಮದಲ್ಲಿ ಒಡಲನ್ನು ಎತ್ತಿಸುತ್ತಾನೆ. ಗಾಳಿ ಮಳೆಗಳಿಂದ ಮರೆಯಾಗಿದ್ದ ತೊಲೆಯ ಮೇಲೆ ಹಳೆಯ ಪುಸ್ತಕದ ಸಂಖ್ಯೆಯೇ ದೊರೆಯುತ್ತದೆ. 1958ರ ಗ್ಯಾರೇಜು ಬಿಲ್ಲೊಂದು ಎಂಜಿನ್ ಬದಲಾದ ಸಂಗತಿಯನ್ನು ಹೇಳುತ್ತದೆ. ಈಗ ಚಿತ್ರ ಪೂರ್ಣವಾಯಿತು: ಗಾಡಿ ಅದೇ, ಎಂಜಿನ್ ಮಾತ್ರ ಬೇರೆ. ಹೀಗೆ ಬದಲಾದ ಎಂಜಿನ್ನನ್ನು ದಾಖಲಿಸಲು ಕಾಯಿದೆಯ 52ನೆಯ ಪ್ರಕರಣವಿದೆ. ಆ ಬದಲಾವಣೆಯ ನಂತರವೂ ಗಾಡಿ ಮೂಲಸ್ವರೂಪದಲ್ಲಿದೆಯೇ ಎಂಬುದು ಪ್ರಾಧಿಕಾರ ನಿರ್ಧರಿಸಬೇಕಾದ ಪ್ರತ್ಯೇಕ ಪ್ರಶ್ನೆ. ಆದರೆ ಕಳವಿನ ಸಂಶಯವಂತೂ ದೂರವಾಯಿತು. ಇದೇ ಮೊಮ್ಮಗನು ಆತುರಪಟ್ಟು ಎಂಜಿನ್ನಿನ ಮೇಲೆ ಹಳೆಯ ಸಂಖ್ಯೆಯನ್ನು ಒತ್ತಿಸಿದ್ದರೆ, ತೊಲೆಯ ಮೇಲಿನ ನಿಜವಾದ ಸಂಖ್ಯೆಯನ್ನು ಕೂಡ ಯಾರೂ ನಂಬುತ್ತಿರಲಿಲ್ಲ.

ಅರ್ಜಿ ಮತ್ತು ಅಹವಾಲು

ಒಡೆತನದ ಕಾಗದಗಳನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರಲ್ಲಿ ವರ್ಗಾವಣೆ ಕೇಳಬೇಕು. ನೋಂದಣಿ ಪತ್ರ ಕಳೆದಿದ್ದರೆ ಪೊಲೀಸರಿಗೆ ದೂರು ನೀಡಿ ನಮೂನೆ 26ರಲ್ಲಿ ನಕಲು ಕೋರಬೇಕು. ಬೇರೆ ರಾಜ್ಯದಿಂದ ಬಂದ ಗಾಡಿಗೆ ಮೂಲ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಗಾಡಿಯು ಕಳವಿನ ಪಟ್ಟಿಯಲ್ಲಿಲ್ಲವೆಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಮಾಹಿತಿಯಿಂದ ಖಚಿತಪಡಿಸಿಕೊಳ್ಳಬಹುದು.

ಅನಂತರ ಅರ್ಜಿಯಲ್ಲಿ ಸಂಖ್ಯೆಯ ಸ್ಥಿತಿಯನ್ನು ಮುಚ್ಚಿಡದೆ ಬರೆಯಬೇಕು. ಯಾವ ಅಂಕಿಗಳು ಕಾಣುತ್ತವೆ, ಯಾವುವು ಕಾಣುವುದಿಲ್ಲ ಎಂಬುದನ್ನು ಪೆನ್ಸಿಲ್ ಅಚ್ಚು ಮತ್ತು ಛಾಯಾಚಿತ್ರಗಳೊಡನೆ ತಿಳಿಸಬೇಕು. ಕಾಣದ ಅಂಕಿಯನ್ನು ಊಹಿಸಿ ತುಂಬಬಾರದು. ಅಫಿಡವಿಟ್ ಸಲ್ಲಿಸಬಹುದು, ಆದರೆ ಅದು ನಿಮ್ಮ ಹೇಳಿಕೆ ಮಾತ್ರ, ದಾಖಲೆಗೆ ಬದಲಿಯಾಗಲಾರದು. ತಜ್ಞರ ಪರೀಕ್ಷೆಗೆ ನೀವು ಸಿದ್ಧರಿರುವುದಾಗಿ ಬರೆದು, ಎಲ್ಲ ಕಾಗದಗಳಿಗೂ ಸ್ವೀಕೃತಿಯನ್ನು ಪಡೆಯಬೇಕು.

ಇಷ್ಟಾದ ಮೇಲೂ ಅಧಿಕಾರಿಗೆ ಸಮಾಧಾನವಾಗದಿರಬಹುದು. ಬಾಯಿಮಾತಿನ ‘ಆಗುವುದಿಲ್ಲ’ ಎಂಬ ಉತ್ತರದಿಂದ ಮಾತ್ರ ಹಿಂತಿರುಗಬೇಕಾಗಿಲ್ಲ. ನೋಂದಣಿಯನ್ನು ನಿರಾಕರಿಸುವ ಪ್ರಾಧಿಕಾರವು ಆದೇಶದ ಪ್ರತಿಯನ್ನೂ ಕಾರಣಗಳನ್ನೂ ಅರ್ಜಿದಾರನಿಗೆ ಕೊಡಬೇಕೆಂದು 45ನೆಯ ಪ್ರಕರಣವೇ ವಿಧಿಸಿದೆ. ಆ ಆದೇಶ ಕೈಸೇರಿದ ಮೂವತ್ತು ದಿನಗಳೊಳಗೆ 57ನೆಯ ಪ್ರಕರಣದಂತೆ ಮೇಲ್ಮನವಿ ಸಲ್ಲಿಸಬಹುದು. ಕಾರಣವನ್ನು ಬರೆಯಬೇಕಾದಾಗ ಅಧಿಕಾರಿಯು ಕಾಗದಗಳನ್ನು ಇನ್ನಷ್ಟು ಗಮನದಿಂದ ನೋಡುತ್ತಾನೆ. ಕಾರಣವನ್ನು ಓದಿದಾಗ ಅರ್ಜಿದಾರನಿಗೂ ಸರಪಣಿಯಲ್ಲಿ ಯಾವ ಕೊಂಡಿ ತಪ್ಪಿದೆಯೆಂಬುದು ತಿಳಿಯುತ್ತದೆ.

ಹಳೆಯ ಗಾಡಿಯನ್ನು ಹೊಸದಾಗಿ ಕೊಳ್ಳುವವರಿಗೂ ಒಂದು ಮಾತು. ಹಣ ಕೊಡುವ ಮುಂಚೆಯೇ ಚಾಸಿಯನ್ನೂ ಪುಸ್ತಕವನ್ನೂ ಎದುರುಬದುರಾಗಿಟ್ಟು ನೋಡಿ. ಸಂಖ್ಯೆ ಓದಲಾಗದಿದ್ದರೆ, ಅದನ್ನು ಸಿದ್ಧಪಡಿಸುವ ಹೊಣೆ ಮಾರುವವನದಾಗಿರಲಿ.

ಬಂಧುಗಳೇ, ಎಪ್ಪತ್ತು ಎಂಬತ್ತು ವರ್ಷ ಒಂದು ಯಂತ್ರವನ್ನು ಕಾಪಾಡಿದ ಮನೆತನಕ್ಕೆ ಅದರ ಕಾಗದಗಳನ್ನು ಕಾಪಾಡುವುದು ಹೆಚ್ಚಿನ ಹೊರೆಯಲ್ಲ. ನಿಮ್ಮ ಮನೆಯಲ್ಲಿ ಇಂತಹ ಗಾಡಿಯಿದ್ದರೆ, ಅದರ ಸಂಖ್ಯೆ ಇನ್ನೂ ಕಾಣುತ್ತಿರುವ ಈ ದಿನವೇ ಛಾಯಾಚಿತ್ರ ತೆಗೆಸಿಡಿ, ಪೆನ್ಸಿಲ್ ಅಚ್ಚನ್ನು ತೆಗೆದು ದಿನಾಂಕ ಬರೆದಿಡಿ, ಹಿರಿಯರು ಬದುಕಿರುವಾಗಲೇ ಗಾಡಿಯ ಚರಿತ್ರೆಯನ್ನು ಅವರಿಂದ ಬರೆಸಿ ಸಹಿ ಹಾಕಿಸಿಡಿ. ತುಕ್ಕು ಯಾರಿಗೂ ಕಾಯುವುದಿಲ್ಲ.